ಮಂಚದ ಆಚೆಯವರು, ಈಚೆಯವರು

"ನನ್ನನ್ನು ಮಾತ್ರ ಹಾಗೆ ನರಳಿಸಬೇಡಿ, ಸುಮ್ಮನೆ ಹೋಗಲು ಬಿಡಿ." ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮನೆಗಳಲ್ಲಿ ಎಪ್ಪತ್ತು ದಾಟಿದವರ ಬಾಯಲ್ಲಿ ಈ ಮಾತು ಆಗಾಗ ಬರುತ್ತದೆ. ಯಾರದಾದರೂ ಉತ್ತರಕ್ರಿಯೆಯ ಊಟ ಮುಗಿಸಿ ಬಂದ ದಿನವಂತೂ ಬಂದೇ ಬರುತ್ತದೆ. ಅದೇ ಹಿರಿಯರಿಗೆ ನಡುರಾತ್ರಿ ಉಸಿರು ಕಟ್ಟಿತೆನ್ನಿ. ಮನೆಯವರು ಆಂಬುಲೆನ್ಸ್ ಕರೆಸಿ, ತಲಪಾಡಿಯ ಗಡಿ ದಾಟಿ, ಮಂಗಳೂರಿನ ಯಾವುದಾದರೂ ದೊಡ್ಡ ಆಸ್ಪತ್ರೆಗೆ ಧಾವಿಸುತ್ತಾರೆ. ಐಸಿಯುವಿನ ಹೊರಗೆ ನಿಂತು "ಖರ್ಚಿನ ಚಿಂತೆ ಬೇಡ ಡಾಕ್ಟ್ರೇ, ಏನಾದರೂ ಮಾಡಿ" ಎಂದು ಕೈಮುಗಿಯುತ್ತಾರೆ.

ಆಡುವುದೊಂದು, ಮಾಡುವುದೊಂದು ಎಂದು ಇದನ್ನು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಎರಡೂ ಹೊತ್ತಿನಲ್ಲಿ ಅವರು ನಿಜವನ್ನೇ ಹೇಳುತ್ತಿದ್ದಾರೆ. ಸಾವು ದೂರವಿದ್ದಾಗ ಕಾಣುವ ಚಿತ್ರ ಬೇರೆ, ಬಾಗಿಲಿಗೆ ಬಂದಾಗ ಕಾಣುವುದು ಬೇರೆ. ದಯಾಮರಣದ ಬಗ್ಗೆ ವೈದ್ಯರು, ದಾದಿಯರು, ರೋಗಿಗಳು ಮತ್ತು ಮನೆಯವರು ಏನೆನ್ನುತ್ತಾರೆ ಎಂದು ಹಲವು ದೇಶಗಳಲ್ಲಿ ಸಮೀಕ್ಷೆಗಳಾಗಿವೆ. ಅವುಗಳನ್ನು ಓದುತ್ತಾ ಹೋದಂತೆ ನನಗೆ ಗಟ್ಟಿಯಾದ ಅಭಿಪ್ರಾಯವೆಂದರೆ, "ಬೇಕೋ ಬೇಡವೋ" ಎಂಬ ಪ್ರಶ್ನೆಗೆ ಜನ ಕೊಡುವ ಉತ್ತರ ಬಹುಪಾಲು ಬೇರೆ ಯಾವುದೋ ಭಯದ ಉತ್ತರವಾಗಿರುತ್ತದೆ. ಆ ಭಯಕ್ಕೆ ಮದ್ದಿದೆ. ನಮ್ಮ ಕಾಸರಗೋಡಿನಲ್ಲೂ ಇದೆ.

ಮೊದಲು ಕಾನೂನಿನ ನೆಲೆ ಸ್ಪಷ್ಟವಾಗಲಿ. ರೋಗಿಗೆ ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದು ಸಕ್ರಿಯ ದಯಾಮರಣ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ 2002ರಲ್ಲಿ, ಕೆನಡಾ 2016ರಲ್ಲಿ ಇದಕ್ಕೆ ಕಟ್ಟುಪಾಡಿನೊಂದಿಗೆ ಅವಕಾಶ ಕೊಟ್ಟವು. ಭಾರತದಲ್ಲಿ ಇದು ಅಪರಾಧ. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ವೆಂಟಿಲೇಟರ್ ಹಾಕದಿರುವುದು ಅಥವಾ ಹಾಕಿದ್ದನ್ನು ತೆಗೆದು ರೋಗ ತನ್ನ ದಾರಿ ಹಿಡಿಯಲು ಬಿಡುವುದು ನಿಷ್ಕ್ರಿಯ ದಯಾಮರಣ. ಇದಕ್ಕೆ 2011ರಲ್ಲಿ ಸುಪ್ರೀಂ ಕೋರ್ಟು ಬಾಗಿಲು ತೆರೆಯಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಕೇಳಿದರೆ ಉತ್ತರಗಳೂ ಕಲಸಿಹೋಗುತ್ತವೆ. ವೆಂಟಿಲೇಟರ್ ಬೇಡವೆನ್ನುವ ವೈದ್ಯರಲ್ಲಿ ಎಷ್ಟೋ ಮಂದಿ ಚುಚ್ಚುಮದ್ದಿನ ಮಾತು ಬಂದೊಡನೆ ಹಿಂದೆ ಸರಿಯುತ್ತಾರೆ.

2011ರ ತೀರ್ಪಿನ ಹಿಂದಿರುವ ಅರುಣಾ ಶಾನಭಾಗ ಕನ್ನಡನಾಡಿನವರೇ. ಹೊನ್ನಾವರದ ಹಳದೀಪುರದಲ್ಲಿ ಹುಟ್ಟಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅವರ ಮೇಲೆ ಅತ್ಯಾಚಾರ ಎಸಗಿದ. ಮಿದುಳಿಗೆ ಆಮ್ಲಜನಕ ನಿಂತುಹೋಯಿತು. ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಅವರು ಅದೇ ಆಸ್ಪತ್ರೆಯ ಒಂದು ಕೋಣೆಯಲ್ಲಿದ್ದರು. ಆಹಾರ ನಿಲ್ಲಿಸಿ ಅವರಿಗೆ ಮುಕ್ತಿ ಕೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಅರ್ಜಿ ಹಾಕಿದರು. ಅದನ್ನು ಬಲವಾಗಿ ವಿರೋಧಿಸಿದ್ದು ಆಸ್ಪತ್ರೆಯ ನರ್ಸುಗಳು. ತಲೆಮಾರು ಬದಲಾದರೂ ಪಾಳಿಯ ಮೇಲೆ ಉಣಿಸಿ, ಮೀಯಿಸಿ, ಮಗ್ಗುಲು ಬದಲಿಸಿ, ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡವರು ಅವರು. ನ್ಯಾಯಾಲಯ ಅವರನ್ನೇ ಅರುಣಾರ ನಿಜವಾದ ಆಪ್ತರೆಂದು ಒಪ್ಪಿ ಅರ್ಜಿಯನ್ನು ತಳ್ಳಿಹಾಕಿತು. ಆದರೆ ನಿಷ್ಕ್ರಿಯ ದಯಾಮರಣಕ್ಕೆ ತಾತ್ವಿಕವಾಗಿ ಒಪ್ಪಿಗೆ ಕೊಟ್ಟದ್ದೂ ಅದೇ ತೀರ್ಪು. 2015ರ ಮೇ 18ರಂದು ಅರುಣಾ ನ್ಯುಮೋನಿಯಾದಿಂದ ತೀರಿಕೊಂಡರು.

ಆ ಅರ್ಜಿಯೂ ಕರುಣೆಯಿಂದ ಬಂದದ್ದು, ನರ್ಸುಗಳ ವಿರೋಧವೂ ಕರುಣೆಯಿಂದಲೇ ಬಂದದ್ದು. ಒಬ್ಬರು ಆ ಬದುಕನ್ನು ದೂರದಿಂದ ಇಡಿಯಾಗಿ ನೋಡಿದರು, ಇನ್ನೊಬ್ಬರು ದಿನದಿನದ ತುತ್ತಿನಲ್ಲಿ ನೋಡಿದರು.

ಯುರೋಪಿನ ಆರು ದೇಶಗಳ ಐಸಿಯುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೇ ವ್ಯತ್ಯಾಸವನ್ನು ಅಳೆಯಲು ಹೊರಟಿತ್ತು. ವೈದ್ಯರು, ನರ್ಸುಗಳು, ಐಸಿಯುವಿನಿಂದ ಬದುಕಿ ಬಂದ ರೋಗಿಗಳು ಮತ್ತು ರೋಗಿಗಳ ಮನೆಯವರಿಗೆ ಒಂದೇ ಬಗೆಯ ಪ್ರಶ್ನೆ ಕೇಳಿದರು. ನಿಮಗೇ ವಾಸಿಯಾಗದ ರೋಗ ಬಂದು ಸ್ವಲ್ಪವೇ ಕಾಲ ಉಳಿದಿದ್ದರೆ ಎಲ್ಲಿರಲು ಇಷ್ಟಪಡುತ್ತೀರಿ? ಮನೆಯಲ್ಲಿ ಅಥವಾ ಆರೈಕೆ ಕೇಂದ್ರದಲ್ಲಿ ಎಂದವರು ವೈದ್ಯರಲ್ಲಿ ಶೇಕಡಾ 79, ನರ್ಸುಗಳಲ್ಲಿ 61, ರೋಗಿಗಳಲ್ಲಿ 58, ಮನೆಯವರಲ್ಲಿ 48. ಐಸಿಯು, ವೆಂಟಿಲೇಟರ್, ಎದೆ ಒತ್ತಿ ಹೃದಯ ಮತ್ತೆ ಚಾಲೂ ಮಾಡುವ ಯತ್ನ, ಇವೆಲ್ಲ ತಮಗೆ ಬೇಡವೆಂದವರೂ ವೈದ್ಯಕೀಯ ಸಿಬ್ಬಂದಿಯಲ್ಲೇ ಹೆಚ್ಚು. ಯಂತ್ರಗಳನ್ನು ಹತ್ತಿರದಿಂದ ಕಂಡವರಿಗೆ ಯಂತ್ರದ ಮೇಲಿನ ನಂಬಿಕೆ ಕಡಿಮೆ, ಹೊರಗೆ ಬೆಂಚಿನ ಮೇಲೆ ಕೂತವರಿಗೆ ಹೆಚ್ಚು.

ಬೆಂಚಿನ ಮೇಲೆ ಕೂತವರು ತಿಳಿಯದವರು ಎಂದು ಇದರ ಅರ್ಥವಲ್ಲ. ಒಳಗೆ ಏನು ನಡೆಯುತ್ತಿದೆ ಎಂದು ಅವರಿಗೆ ಯಾರೂ ಪೂರ್ತಿ ಹೇಳಿರುವುದಿಲ್ಲ. ದಿನಕ್ಕೆರಡು ಬಾರಿ ಐದು ನಿಮಿಷ ಒಳಗೆ ಬಿಡುತ್ತಾರೆ. ಮುಖ ಊದಿರುತ್ತದೆ, ಬಾಯಲ್ಲಿ ನಳಿಗೆ, ಕೈ ಮಂಚಕ್ಕೆ ಕಟ್ಟಿರುತ್ತದೆ. "ಸ್ವಲ್ಪ ಸೀರಿಯಸ್, ನೋಡೋಣ" ಎನ್ನುತ್ತಾರೆ. ಆ "ನೋಡೋಣ"ದಲ್ಲಿ ವೈದ್ಯರಿಗೆ ಕೇಳಿಸುವುದು ಸೋಲು, ಮನೆಯವರಿಗೆ ಕೇಳಿಸುವುದು ಆಸೆ.

ಇನ್ನು ರೋಗಿಯ ಮಾತು. "ದೇವರೇ, ಒಮ್ಮೆ ಕರೆದುಕೊಂಡುಬಿಡು" ಎನ್ನುವವರಿಗೆ ನಿಜವಾಗಿ ಸಾಯಬೇಕೆಂದಿರುತ್ತದೆಯೇ? ಕೆನಡಾದ ಮನೋವೈದ್ಯ ಹಾರ್ವೇ ಚೊಚಿನೊವ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಕೊನೆಯ ಹಂತದಲ್ಲಿದ್ದ 200 ರೋಗಿಗಳನ್ನು ಮಾತನಾಡಿಸಿದರು. ಬೇಗ ಸಾವು ಬರಲಿ ಎಂದು ಆಗೊಮ್ಮೆ ಈಗೊಮ್ಮೆ ಅನ್ನಿಸುತ್ತದೆ ಎಂದವರು ಶೇಕಡಾ 44.5. ಆ ಬಯಕೆ ಗಟ್ಟಿಯಾಗಿ, ಬಿಡದೆ ಕಾಡುತ್ತಿದ್ದುದು ಶೇಕಡಾ 8.5 ಮಂದಿಯಲ್ಲಿ ಮಾತ್ರ. ಅಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಖಿನ್ನತೆಯಿತ್ತು, ಉಳಿದವರಲ್ಲಿ ಖಿನ್ನತೆ ಶೇಕಡಾ 8ರ ಆಸುಪಾಸು. ನಾಲ್ಕು ವರ್ಷದ ಬಳಿಕ ಅವರೇ ಇನ್ನೊಂದು ಅಧ್ಯಯನ ಮಾಡಿ, ಕ್ಯಾನ್ಸರ್ ರೋಗಿಗಳ ಬದುಕುವ ಆಸೆಯನ್ನು ದಿನಕ್ಕೆರಡು ಬಾರಿ ಅಳೆದರು. ಹನ್ನೆರಡು ಗಂಟೆಗಳೊಳಗೇ ಅದು ಸಾಕಷ್ಟು ಏರಿಳಿಯುತ್ತಿತ್ತು. ರಾತ್ರಿ ನೋವಿನಲ್ಲಿ ಸಾಕೆಂದವರು ಬೆಳಗ್ಗೆ ಮೊಮ್ಮಗನ ಪರೀಕ್ಷೆಯ ವಿಚಾರ ಕೇಳುವುದು ನಮ್ಮ ಮನೆಗಳಲ್ಲೂ ಇದೆಯಲ್ಲ.

ಹಾಗೆಂದು ಸಾವಿನ ಬಯಕೆಯೆಲ್ಲ ಖಿನ್ನತೆಯೇ ಎನ್ನಲಾಗದು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ವೈದ್ಯರು ಬರೆದುಕೊಟ್ಟ ಮಾರಕ ಔಷಧವನ್ನು ರೋಗಿಯೇ ಸೇವಿಸಲು 1997ರಿಂದ ಅವಕಾಶವಿದೆ. ಅಲ್ಲಿನ ಆರೋಗ್ಯ ಇಲಾಖೆ ವರ್ಷ ವರ್ಷ ವರದಿ ಕೊಡುತ್ತದೆ. ಔಷಧ ಕೇಳಿದವರು ಮುಖ್ಯವಾಗಿ ಹೇಳುವ ಕಾರಣ ನೋವಲ್ಲ. ಸ್ವಂತ ನಿರ್ಧಾರದ ಶಕ್ತಿ ಕಳೆದುಹೋಗುತ್ತಿದೆ, ಇಷ್ಟದ ಕೆಲಸ ಮಾಡಲಾಗುತ್ತಿಲ್ಲ, ಘನತೆ ಉಳಿದಿಲ್ಲ ಎನ್ನುವುದು. ಔಷಧ ಬರೆಸಿಕೊಂಡವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅದನ್ನು ಸೇವಿಸುವುದೇ ಇಲ್ಲ. ಕೈಯಲ್ಲಿ ಇದೆ ಎಂಬ ಧೈರ್ಯವೇ ಕೆಲವರಿಗೆ ಸಾಕಾಗುತ್ತದೆಂದು ಕಾಣುತ್ತದೆ. ನಮ್ಮಲ್ಲಿ ಇದೇ ಭಯ ಇನ್ನೊಂದು ರೂಪದಲ್ಲಿ ಬರುತ್ತದೆ: "ಮಕ್ಕಳಿಗೆ ಭಾರವಾಗಬಾರದು." ಗದ್ದೆ ಅಡವಿಟ್ಟು ಆಸ್ಪತ್ರೆಯ ಬಿಲ್ಲು ಕಟ್ಟಿದ್ದನ್ನು ಕಂಡ ಅಜ್ಜಿ ಈ ಮಾತು ಹೇಳಿದರೆ, ಅವರು ಮರಣವನ್ನು ಬೇಡುತ್ತಿದ್ದಾರೋ ಗದ್ದೆ ಉಳಿಯಲೆಂದು ಬೇಡುತ್ತಿದ್ದಾರೋ ಎಂದು ಯಾರಾದರೂ ಕೂತು ಕೇಳಬೇಕು.

ರೋಗಿಗೆ ಮಾತಿಲ್ಲದಾದಾಗ ಆ ಪ್ರಶ್ನೆ ಮನೆಯವರ ತಲೆಗೆ ಬರುತ್ತದೆ. ನಮ್ಮ ಅಪ್ಪನ ಮನಸ್ಸು ನಮಗೆ ಗೊತ್ತಿಲ್ಲವೇ ಎಂದು ಎಲ್ಲರೂ ಅಂದುಕೊಳ್ಳುತ್ತೇವೆ. ಕಾಲ್ಪನಿಕ ಸಂದರ್ಭಗಳನ್ನು ಕೊಟ್ಟು ರೋಗಿಯ ಉತ್ತರವನ್ನೂ ಮನೆಯವರ ಊಹೆಯನ್ನೂ ತಾಳೆ ನೋಡಿದ ಹದಿನಾರು ಅಧ್ಯಯನಗಳನ್ನು 2006ರಲ್ಲಿ ಒಟ್ಟುಗೂಡಿಸಿದರು. ಊಹೆ ಸರಿಯಾದದ್ದು ಶೇಕಡಾ 68. ಮೂರರಲ್ಲಿ ಒಂದು ಸಲ ತಪ್ಪು!

ಆ ನಿರ್ಧಾರದ ಭಾರ ಆಮೇಲೂ ಇಳಿಯುವುದಿಲ್ಲ. ಫ್ರಾನ್ಸಿನ ಐಸಿಯು ರೋಗಿಗಳ ಮನೆಯವರನ್ನು ಮೂರು ತಿಂಗಳ ಬಳಿಕ ಮಾತನಾಡಿಸಿದಾಗ ಮೂವರಲ್ಲಿ ಒಬ್ಬರಿಗೆ ಆಘಾತೋತ್ತರ ಒತ್ತಡದ ಲಕ್ಷಣಗಳಿದ್ದವು: ಬೆಚ್ಚಿ ಏಳುವುದು, ಆ ದೃಶ್ಯ ಮತ್ತೆ ಮತ್ತೆ ಕಣ್ಣಮುಂದೆ ಬರುವುದು. ಕೊನೆಯ ನಿರ್ಧಾರದಲ್ಲಿ ಪಾಲುಗೊಂಡವರಲ್ಲಿ ಇದು ಶೇಕಡಾ 80 ದಾಟಿತ್ತು. "ನಾನೇ ಸಹಿ ಹಾಕಿದ್ದು" ಎಂಬ ಮಾತು ಜೀವಮಾನವಿಡೀ ಹೊರುವಂಥದ್ದು. ನಮ್ಮ ಕಡೆ ಆ ಸಹಿ ಸಾಮಾನ್ಯವಾಗಿ "ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ" ಎಂಬ ಕಾಗದದ ಮೇಲೆ ಬೀಳುತ್ತದೆ. ಇನ್ನು ಪ್ರಯೋಜನವಿಲ್ಲ ಎಂದು ವೈದ್ಯರಿಗೂ ಗೊತ್ತು, ಮನೆಯವರಿಗೂ ಗೊತ್ತು. ಆದರೆ ಆ ಮಾತನ್ನು ಬಾಯಿಬಿಟ್ಟು ಹೇಳುವವರಿಲ್ಲ. ಕಾಗದದಲ್ಲಿ ತಪ್ಪು ಮನೆಯವರ ಪಾಲಿಗೆ. ರೋಗಿ ಆಂಬುಲೆನ್ಸಿನಲ್ಲಿ ನೋವಿನ ಮದ್ದೂ ಇಲ್ಲದೆ ಊರಿಗೆ ಬರುತ್ತಾರೆ. ನಮ್ಮಲ್ಲಿ ಚಾಲ್ತಿಯಲ್ಲಿರುವ ವ್ಯವಸ್ಥೆಗಳಲ್ಲಿ ಇದಕ್ಕಿಂತ ನಿರ್ದಯವಾದದ್ದು ನನಗೆ ಬೇರೆ ಕಾಣುವುದಿಲ್ಲ.

ಇದನ್ನು ಬದಲಿಸಲು ದುಬಾರಿ ಸಲಕರಣೆ ಬೇಡ. 2007ರಲ್ಲಿ ಫ್ರಾನ್ಸಿನ 22 ಐಸಿಯುಗಳಲ್ಲಿ ಒಂದು ಪ್ರಯೋಗ ನಡೆದ ವರದಿ ಬಂತು. ಸಾವು ಖಚಿತವಾಗಿದ್ದ 126 ರೋಗಿಗಳ ಮನೆಯವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಸ್ಪತ್ರೆಯ ವಾಡಿಕೆಯ ಮಾತುಕತೆ. ಇನ್ನೊಂದು ಗುಂಪಿನವರನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ಅವರ ಮಾತಿಗೆ ಬೆಲೆ ಕೊಟ್ಟು, ರೋಗಿ ಎಂಥ ಮನುಷ್ಯ ಎಂದು ವಿಚಾರಿಸಿ, ಅಳು ಬಂದರೆ ಕಾದು, ಪ್ರಶ್ನೆ ಕೇಳಲು ಬಿಟ್ಟು ಮಾತನಾಡಿದರು. ಸಾವು ಮತ್ತು ದುಃಖದ ಬಗ್ಗೆ ಒಂದು ಕಿರುಪುಸ್ತಿಕೆ ಕೊಟ್ಟರು. ಎರಡನೆಯ ಗುಂಪಿಗೆ ಸಿಕ್ಕ ಹೆಚ್ಚುವರಿ ಸಮಯ ಎಷ್ಟು? ವಾಡಿಕೆಯ ಮಾತುಕತೆ 20 ನಿಮಿಷ, ಇದು 30 ನಿಮಿಷ. ಬರೀ ಹತ್ತು ನಿಮಿಷ ಜಾಸ್ತಿ. ಆದರೆ ಆ ಹೊತ್ತಿನಲ್ಲಿ ಮಾತನಾಡಿದ್ದು ಯಾರೆಂದು ನೋಡಿ. ಮೊದಲ ಗುಂಪಿನಲ್ಲಿ ಮನೆಯವರಿಗೆ ಸಿಕ್ಕಿದ್ದು 5 ನಿಮಿಷ, ಎರಡನೆಯದರಲ್ಲಿ 14 ನಿಮಿಷ. ಮೂರು ತಿಂಗಳ ಬಳಿಕ ಆಘಾತೋತ್ತರ ಒತ್ತಡದ ಲಕ್ಷಣಗಳು ಮೊದಲ ಗುಂಪಿನ ಶೇಕಡಾ 69 ಮಂದಿಯಲ್ಲಿದ್ದವು, ಎರಡನೆಯ ಗುಂಪಿನ ಶೇಕಡಾ 45 ಮಂದಿಯಲ್ಲಿ. ಖಿನ್ನತೆಯ ಲಕ್ಷಣಗಳೂ ಅರ್ಧದಷ್ಟಕ್ಕೆ ಇಳಿದಿದ್ದವು. ಇಂಥ ಫಲ ಕೊಡುವ ಮಾತ್ರೆಯೊಂದಿದ್ದರೆ ಎಲ್ಲ ಆಸ್ಪತ್ರೆಗಳೂ ಕೊಂಡು ಇಡುತ್ತಿದ್ದವು.

ಮಾತನಾಡಲು ಕೂತಾಗ ಮನೆಯವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. "ಊಟ ನಿಲ್ಲಿಸಿದರೆ ಹಸಿವೆಯಲ್ಲಿ ಸಾಯಿಸಿದ ಹಾಗಾಗುವುದಿಲ್ಲವೇ?" ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಉಣಿಸುವುದೇ ಪ್ರೀತಿ ಎಂದು ಬೆಳೆದವರು ನಾವು. ಆದರೆ ಕೊನೆಯ ದಿನಗಳಲ್ಲಿ ದೇಹ ತಾನಾಗಿಯೇ ಆಹಾರದಿಂದ ದೂರವಾಗುತ್ತದೆ. ಜೀರ್ಣಾಂಗ ನಿಧಾನವಾಗುತ್ತದೆ, ಮೂತ್ರಪಿಂಡ ನೀರನ್ನು ಹೊರಹಾಕಲಾರದು. ಆಗ ಬಲವಂತವಾಗಿ ಡ್ರಿಪ್ ಏರಿಸಿದರೆ ಕೈಕಾಲು ಊದುತ್ತವೆ, ಶ್ವಾಸಕೋಶದಲ್ಲಿ ನೀರು ನಿಂತು ಉಸಿರಾಟ ಇನ್ನಷ್ಟು ಕಷ್ಟವಾಗುತ್ತದೆ. ಊಟ ನಿಂತದ್ದರಿಂದ ಸಾವು ಬರುತ್ತಿಲ್ಲ, ಸಾವು ಬರುತ್ತಿರುವುದರಿಂದ ಊಟ ಸೇರುತ್ತಿಲ್ಲ. ಬಾಯಿ ಒಣಗದಂತೆ ಹತ್ತಿಯಲ್ಲಿ ನೀರು ಒತ್ತುವುದು, ತುಟಿಗೆ ತುಪ್ಪ ಸವರುವುದು ಆಗ ನಿಜಕ್ಕೂ ಹಿತ ಕೊಡುತ್ತದೆ.

ಎರಡನೆಯದು ತೀವ್ರ ನೋವಿಗೆ ಕೊಡುವ ಮಾರ್ಫಿನ್. "ಅದು ಕೊಟ್ಟರೆ ಬೇಗ ಹೋಗಿಬಿಡುತ್ತಾರಂತೆ" ಎಂಬ ಭಯ ಮನೆಯವರಿಗಷ್ಟೇ ಅಲ್ಲ, ತರಬೇತಿಯಿಲ್ಲದ ವೈದ್ಯರಿಗೂ ಇದೆ. ಕಡಿಮೆ ಪ್ರಮಾಣದಿಂದ ಶುರುಮಾಡಿ ನೋವಿಗೆ ತಕ್ಕಂತೆ ಏರಿಸುತ್ತಾ ಹೋದರೆ ಮಾರ್ಫಿನ್ ಉಸಿರು ನಿಲ್ಲಿಸುವುದು ಬಹಳ ಅಪರೂಪ. ಉಬ್ಬಸದ ಸಂಕಟವನ್ನೂ ಅದು ಇಳಿಸುತ್ತದೆ. 1985ರ ಮಾದಕದ್ರವ್ಯ ಕಾಯ್ದೆ ಇದನ್ನು ಲೈಸೆನ್ಸುಗಳ ಬಲೆಯಲ್ಲಿ ಸಿಕ್ಕಿಸಿ, ದೇಶದ ಲಕ್ಷಾಂತರ ಕ್ಯಾನ್ಸರ್ ರೋಗಿಗಳಿಗೆ ಸಿಗದಂತೆ ಮಾಡಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ನೋವು ತಡೆಯಲಾಗದೆ ಸಾವು ಕೇಳುವ ರೋಗಿಗೆ ಮಾರ್ಫಿನ್ ಕೊಡದೆ ದಯಾಮರಣದ ಚರ್ಚೆ ಮಾಡುವುದು ಅನ್ಯಾಯ.

ಮೂರನೆಯದು ವೈದ್ಯರನ್ನೂ ಕಾಡುವ ಪ್ರಶ್ನೆ. ವೆಂಟಿಲೇಟರ್ ಹಾಕದಿರುವುದಕ್ಕಿಂತ ಹಾಕಿದ್ದನ್ನು ತೆಗೆಯುವುದು ಕೊಂದಂತೆ ಅನ್ನಿಸುತ್ತದೆ. ನೀತಿಶಾಸ್ತ್ರ ಎರಡನ್ನೂ ಸಮವೆನ್ನುತ್ತದೆ, ಕೈ ಮಾತ್ರ ಒಪ್ಪುವುದಿಲ್ಲ. ಕೈಯಾರೆ ಮಾಡಿದ್ದರಿಂದ ಆದ ಹಾನಿ, ಸುಮ್ಮನಿದ್ದುದರಿಂದ ಆದ ಹಾನಿಗಿಂತ ದೊಡ್ಡದೆಂದು ಕಾಣುವುದು ಮನುಷ್ಯ ಸ್ವಭಾವ. ಇದಕ್ಕೆ ಐಸಿಯು ತಜ್ಞರು ಕಂಡುಕೊಂಡ ಉಪಾಯ, ಗಡುವು ಇಟ್ಟು ಚಿಕಿತ್ಸೆ ಕೊಡುವುದು. "ಮೂರು ದಿನ ವೆಂಟಿಲೇಟರಿನಲ್ಲಿ ನೋಡುವ. ಇಂತಿಂಥದ್ದು ಸುಧಾರಿಸಿದರೆ ಮುಂದುವರಿಸುವ, ಇಲ್ಲವಾದರೆ ಹಿತವಾಗಿಡುವ ಚಿಕಿತ್ಸೆಗೆ ಬರುವ" ಎಂದು ಮೊದಲೇ ಮಾತಾದರೆ, ತೆಗೆಯುವ ದಿನ ಅದು ಯಾರ ಮೇಲೂ ಹಠಾತ್ತನೆ ಬೀಳುವುದಿಲ್ಲ.

ಈ ವಿಷಯದಲ್ಲಿ ನಾವು ಕೇರಳದಲ್ಲಿರುವುದು ದೊಡ್ಡ ಭಾಗ್ಯವೆಂದೇ ನಾನು ತಿಳಿದಿದ್ದೇನೆ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಸಂಗಡಿಗರೊಂದಿಗೆ ಶುರುಮಾಡಿದ ಉಪಶಮನ ಆರೈಕೆ (ಪಾಲಿಯೇಟಿವ್ ಕೇರ್, ಅಂದರೆ ರೋಗ ವಾಸಿಯಾಗದಿದ್ದರೂ ನೋವು, ಸಂಕಟ ಇಳಿಸುವ ಆರೈಕೆ), ಊರೂರಿನ ಸ್ವಯಂಸೇವಕರ ಕೈಗೆ ಬಂದು ಚಳವಳಿಯೇ ಆಯಿತು. 2008ರಲ್ಲಿ ಕೇರಳ ಸರಕಾರ ಅದಕ್ಕೊಂದು ನೀತಿ ರೂಪಿಸಿತು, ಪಂಚಾಯತುಗಳಿಗೆ ಹೊಣೆ ಕೊಟ್ಟಿತು. ಜನವರಿ 15 ಇಲ್ಲಿ ಪಾಲಿಯೇಟಿವ್ ದಿನ. ನಮ್ಮ ಹಳ್ಳಿಗಳಲ್ಲಿ "ಪಾಲಿಯೇಟಿವ್‌ನವರು ಬಂದರು" ಎಂದರೆ ಎಲ್ಲರಿಗೂ ಗೊತ್ತು. ಜೀಪು ಹೋಗುವಲ್ಲಿಯವರೆಗೆ ಹೋಗಿ, ಆಮೇಲೆ ತೋಟದ ಕಟ್ಟಹುಣಿಯ ಮೇಲೆ ನಡೆದು ಸಿಸ್ಟರ್ ಬರುತ್ತಾರೆ, ಜೊತೆಗೆ ಆಶಾ ಕಾರ್ಯಕರ್ತೆ. ಚೀಲದಲ್ಲಿ ಗ್ಲೌಸು, ಗಾಜ್, ಕ್ಯಾತಿಟರ್, ಮೂತ್ರದ ಚೀಲ, ಬಿಪಿ ಯಂತ್ರ. ಬೆನ್ನಿನ ಹುಣ್ಣನ್ನು ಉಪ್ಪುನೀರಲ್ಲಿ ತೊಳೆದು, ಸತ್ತ ಚರ್ಮ ತೆಗೆದು, ಕಟ್ಟು ಹಾಕುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆಂದು ಸೊಸೆಯ ಕೈಯಿಂದಲೇ ಮಾಡಿಸಿ ತೋರಿಸುತ್ತಾರೆ. ಹೊರಡುವ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆಯನ್ನು "ನಿಮಗೆ ರಾತ್ರಿ ನಿದ್ದೆ ಬರುತ್ತದಾ?" ಎಂದು ಕೇಳುತ್ತಾರೆ. ದಯಾಮರಣದ ಕುರಿತ ಯಾವ ಸಮೀಕ್ಷೆಯಲ್ಲೂ ಇರದ ಪ್ರಶ್ನೆ ಅದು. ಆ ಮನೆಯವರ ಅಭಿಪ್ರಾಯವನ್ನು ನಿರ್ಧರಿಸುವುದರಲ್ಲಿ ಅದರ ಪಾತ್ರ ಸಣ್ಣದಲ್ಲ.

ಇಂಥ ಆರೈಕೆ ಆಯುಸ್ಸನ್ನು ಮೊಟಕುಮಾಡುತ್ತದೆಂಬ ಅನುಮಾನಕ್ಕೂ ಉತ್ತರವಿದೆ. ಬಾಸ್ಟನ್ನಿನಲ್ಲಿ 151 ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದಲೇ ಉಪಶಮನ ಆರೈಕೆ ಪಡೆದವರು ಸರಾಸರಿ 11.6 ತಿಂಗಳು ಬದುಕಿದರು, ಮಾಮೂಲಿ ಚಿಕಿತ್ಸೆಯವರು 8.9 ತಿಂಗಳು. ಹೆಚ್ಚು ಬದುಕಿದವರೇ ಕೊನೆಗಾಲದಲ್ಲಿ ಕಡಿಮೆ ಉಗ್ರ ಚಿಕಿತ್ಸೆ ಪಡೆದವರು.

ನಮ್ಮ ಗಡಿನಾಡಿಗೆ ಸೇರಿದ ಒಂದು ತೊಡಕು ಭಾಷೆಯದು. ಮನೆಯೊಳಗೆ ಕನ್ನಡ, ತುಳು, ಮರಾಠಿ ಆಡುವ ಅಜ್ಜಿಗೆ ನೋವು ಚುಚ್ಚುತ್ತದೋ ಉರಿಯುತ್ತದೋ ಸೆಳೆಯುತ್ತದೋ ಎಂದು ಮಲಯಾಳದಲ್ಲಿ ವಿವರಿಸಲು ಬರುವುದಿಲ್ಲ. ಉರಿಯುವ ನೋವು ನರದ್ದಾಗಿರಬಹುದು, ಅದರ ಮದ್ದೇ ಬೇರೆ. ಕನ್ನಡ ಬಲ್ಲ ಪಾಲಿಯೇಟಿವ್ ನರ್ಸುಗಳನ್ನು ಮಂಜೇಶ್ವರ, ಕಾಸರಗೋಡು ತಾಲೂಕುಗಳಿಗೆ ನೇಮಿಸಬೇಕೆಂದು ಕೇಳುವುದು ಭಾಷಾಭಿಮಾನಕ್ಕಿಂತ ಮೊದಲು ಚಿಕಿತ್ಸೆಯ ಪ್ರಶ್ನೆ.

ಇನ್ನೊಂದು ಮಾತನ್ನು ಎಣ್ಮಕಜೆ, ಪಡ್ರೆ, ಬೆಳ್ಳೂರು ಕಡೆಯ ಜನರನ್ನು ನೆನೆದೇ ಬರೆಯಬೇಕು. ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಊರಿನ ಕಾಯಿಲೆಗಳನ್ನು ಮೊದಲು ಗುರುತಿಸಿ ಹೊರಜಗತ್ತಿಗೆ ಹೇಳಿದವರು ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಮೂವತ್ತು ದಾಟಿದ ಮಗನನ್ನು ಎತ್ತಿ ಮೀಯಿಸುವ ತಾಯಂದಿರು ಇಂದಿಗೂ ಆ ಊರುಗಳಲ್ಲಿದ್ದಾರೆ. "ನಾನು ಸತ್ತರೆ ಇವನಿಗೆ ಯಾರು?" ಎಂಬುದು ಅವರ ಪ್ರಶ್ನೆ. ದಣಿವಿನ ಒಂದು ಗಳಿಗೆಯಲ್ಲಿ "ನನಗಿಂತ ಮೊದಲು ಇವನೇ ಹೋಗಲಿ" ಎಂದೂ ಬಾಯಿಗೆ ಬರಬಹುದು. ಅದನ್ನು ದಯಾಮರಣದ ಪರ ಮತವೆಂದು ಎಣಿಸುವುದು ಘೋರ ತಪ್ಪು. ಅಂಗವೈಕಲ್ಯ ಮರಣಶಯ್ಯೆಯಲ್ಲ. ನ್ಯಾಯಾಲಯದ ತೀರ್ಪು ಇರುವುದು ವಾಸಿಯಾಗದೆ ಸಾವಿನತ್ತ ಸಾಗಿರುವ ರೋಗಿಗೆ, ಅಥವಾ ಚೇತರಿಸುವ ಆಸೆಯಿಲ್ಲದೆ ಪ್ರಜ್ಞೆ ಕಳೆದುಕೊಂಡು ಕೃತಕ ಆಧಾರದಲ್ಲಿರುವವರಿಗೆ. ಆ ತಾಯಿಗೆ ಬೇಕಾದದ್ದು ಹಗಲಲ್ಲಿ ಮಗನನ್ನು ನೋಡಿಕೊಳ್ಳುವ ಕೇಂದ್ರ, ಮುಟ್ಟಬೇಕಾದ ಪಿಂಚಣಿ, ಒಂದು ರಾತ್ರಿಯ ನಿದ್ದೆ.

ಪ್ರಜ್ಞೆಯ ವಿಷಯದಲ್ಲೂ ಅವಸರದ ತೀರ್ಮಾನ ಸಲ್ಲದು. ಹೇಳಿದ್ದಕ್ಕೆ ಯಾವ ಪ್ರತಿಕ್ರಿಯೆಯನ್ನೂ ತೋರದ 241 ರೋಗಿಗಳ ಮಿದುಳನ್ನು ಸ್ಕ್ಯಾನ್, ಇಇಜಿ (ಮಿದುಳಿನ ವಿದ್ಯುತ್ ಅಲೆ ಅಳೆಯುವ ಪರೀಕ್ಷೆ) ಅಥವಾ ಎರಡರಿಂದಲೂ ಪರೀಕ್ಷಿಸಿದ 2024ರ ಅಧ್ಯಯನದಲ್ಲಿ 60 ಮಂದಿಯ ಮಿದುಳು ಸೂಚನೆಗೆ ಸ್ಪಂದಿಸಿತ್ತು. ಕೈ ಆಡಿಸಿ ಎಂದರೆ ಕೈ ಆಡಲಿಲ್ಲ, ಮಿದುಳು ಆಡಿತು. ಚಿಕಿತ್ಸೆ ನಿಲ್ಲಿಸಬಹುದೇ ಎಂದು ತೀರ್ಮಾನಿಸುವ ವೈದ್ಯಕೀಯ ಮಂಡಳಿಗಳು ನಿಧಾನಿಸಿ ನೋಡಬೇಕೆನ್ನಲು ಇಂಥ ಕಾರಣಗಳಿವೆ.

ಆ ಮಂಡಳಿಗಳ ವ್ಯವಸ್ಥೆ ಹೀಗಿದೆ. ಚಿಕಿತ್ಸೆ ನೀಡುವ ವೈದ್ಯರು ಮತ್ತು ಕನಿಷ್ಠ ಐದು ವರ್ಷದ ಅನುಭವವಿರುವ ಇಬ್ಬರು ತಜ್ಞರು ಸೇರಿ ಮೊದಲ ಮಂಡಳಿ. ಅದರ ಅಭಿಪ್ರಾಯವನ್ನು ಪರಿಶೀಲಿಸಲು ಜಿಲ್ಲಾ ವೈದ್ಯಾಧಿಕಾರಿ ನೇಮಿಸಿದ ವೈದ್ಯರಿರುವ ಎರಡನೆಯ ಮಂಡಳಿ. ಎರಡೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು, ಜಾರಿಗೆ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಯಾರೊಬ್ಬರ ತಲೆಗೂ ಪೂರ್ತಿ ಭಾರ ಬೀಳದ ಏರ್ಪಾಡಿದು. ಕರ್ನಾಟಕ ಸರಕಾರ 2025ರ ಜನವರಿ 30ರಂದು ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೊಳಿಸಲು ಆದೇಶ ಹೊರಡಿಸಿತು. ಮಂಗಳೂರಿನ ಆಸ್ಪತ್ರೆಗಳು ಅದರ ವ್ಯಾಪ್ತಿಗೆ ಬರುವುದರಿಂದ ನಮಗೂ ಅದು ಮುಖ್ಯ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಶಂಕುಸ್ಥಾಪನೆಯಾದರೂ ಗಂಭೀರ ಕಾಯಿಲೆಗೆ ನಾವು ಇಷ್ಟು ಕಾಲ ನೆಚ್ಚಿದ್ದು ತಲಪಾಡಿಯಾಚೆಯನ್ನೇ. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ಆ ನೆಚ್ಚಿಕೆಯ ಬೆಲೆ ಎಷ್ಟೆಂದು ಜಿಲ್ಲೆ ಕಂಡಿದೆ.

ಮಾತಾಡಲು ಶಕ್ತಿಯಿರುವಾಗಲೇ ಬರೆದಿಡಬಹುದಾದ ಜೀವಂತ ಉಯಿಲು ಈಗ ಮೊದಲಿನಷ್ಟು ಕಷ್ಟದ್ದಲ್ಲ. 2018ರಲ್ಲಿ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿ 24ರ ಆದೇಶದ ನಂತರ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಹದಿನೆಂಟು ತುಂಬಿ ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಬರೆಯಬಹುದು, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಯಾವ ಚಿಕಿತ್ಸೆ ಬೇಡ, ಯಾವ ಹಂತದಲ್ಲಿ ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂದು ಅದರಲ್ಲಿ ಸ್ಪಷ್ಟವಾಗಿರಬೇಕು. ಒಂದು ಪ್ರತಿ ಆ ವ್ಯಕ್ತಿಗೆ, ಒಂದು ಮನೆವೈದ್ಯರಿಗೆ, ಒಂದು ಪಂಚಾಯತಿನಲ್ಲಿ. ಗಡಿ ದಾಟಿ ಚಿಕಿತ್ಸೆಗೆ ಹೋಗುವ ನಾವು ಇನ್ನೊಂದು ಪ್ರತಿಯನ್ನು ಮಂಗಳೂರಿನ ಹಳೆಯ ಡಿಸ್ಚಾರ್ಜ್ ಕಾರ್ಡುಗಳಿರುವ ಫೈಲಿನಲ್ಲೇ ಇಡುವುದು ಒಳ್ಳೆಯದು, ಏಕೆಂದರೆ ನಡುರಾತ್ರಿ ಆಂಬುಲೆನ್ಸ್ ಹತ್ತುವಾಗ ಮನೆಯವರು ಮರೆಯದೆ ಎತ್ತಿಕೊಳ್ಳುವುದು ಆ ಫೈಲನ್ನೇ.